ಏದುಸಿರಿನ ಕೆಲಸ ಎಷ್ಟು ಜೂಲ್?

ಯಲಹಂಕದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುತ್ತಿದ್ದೆ. “ಓಡಿದ ಮೇಲೆ ಏದುಸಿರು ಬಿಡ್ತೀವಲ್ಲ ಮಿಸ್, ಅದೂ ಕೆಲಸಾನಾ?” ಎಂದು ಹುಡುಗನೊಬ್ಬ ಕೇಳಿದ. ಬಲ × ಸ್ಥಾನಪಲ್ಲಟ ಇಲ್ಲಿ ನೇರವಾಗಿ ಕೂರುವುದಿಲ್ಲ; ಗಾಳಿಗೆ ಒತ್ತಡ × ಗಾತ್ರ ಎಂದು ಬರೆಯಬೇಕು.

ಮರುದಿನ ಸಣ್ಣ ಸ್ಟ್ರಾದ ತುದಿಗೆ ಒಂದು ಲೀಟರ್ ಹಿಡಿಯುವ ಸಡಿಲ ಚೀಲ ಕಟ್ಟಿ, ಬಾಯಿಯ ಬಳಿ ಕವಲು ತೆಗೆದು ಬಣ್ಣದ ನೀರಿನ ಯು-ಕೊಳವೆ ಜೋಡಿಸಿದೆ. (ಊದುವ ಪ್ರತಿಯೊಬ್ಬರಿಗೂ ಬೇರೆ ಸ್ಟ್ರಾ.) ಊದಿದಾಗ ಒಂದು ಕಡೆ ನೀರು 5 ಸೆಂ.ಮೀ. ಏರಿತು. ಎಲ್ಲರೂ 5 ಎಂದೇ ಬರೆದರು. ಇನ್ನೊಂದು ಕಡೆ 5 ಇಳಿದದ್ದನ್ನು ಮರೆತರು. ವ್ಯತ್ಯಾಸ 10 ಸೆಂ.ಮೀ., ಅಂದರೆ ಸುಮಾರು 980 ಪ್ಯಾಸ್ಕಲ್. ಆ ಒತ್ತಡದಲ್ಲಿ ಒಂದು ಲೀಟರ್, ಅಂದರೆ 0.001 ಘನ ಮೀಟರ್ ಊದಿದರೆ ಹೆಚ್ಚುಕಡಿಮೆ 1 ಜೂಲ್. ನಿಮಿಷಕ್ಕೆ 30 ಸಲವಾದರೆ ಅರ್ಧ ವಾಟ್. ಇದು ಸ್ಟ್ರಾದ ತಡೆಯ ಲೆಕ್ಕ ಮಾತ್ರ. ಎದೆಗೂಡು ಹಿಗ್ಗಿಸುವ ಕೆಲಸ ಇದರಲ್ಲಿಲ್ಲ.

ಮೈದಾನ ಎರಡು ಸುತ್ತು ಓಡಿ ಬಂದವನು ಊದಿದಾಗ, ಅದೇ ಸ್ಟ್ರಾದಲ್ಲಿ ಗಾಳಿ ಬೇಗ ಹೋಗಬೇಕಾದ್ದರಿಂದ ನೀರು ಇನ್ನೂ ಮೇಲೇರಿತು. ಇನ್ಹೇಲರ್ ಬಳಸುವ ಹುಡುಗಿಯನ್ನು ಊದಲು ಬಿಡದೆ ಅಳತೆ ಓದಲು ನಿಲ್ಲಿಸಿದ್ದೆ. “ನಂಗೆ ಸ್ಟ್ರಾ ಇಲ್ದೇನೂ ಹೀಗೇ ಆಗುತ್ತೆ ಮಿಸ್” ಎಂದಳು. ಅಸ್ತಮಾದಲ್ಲಿ ಶ್ವಾಸನಾಳಗಳೇ ಕಿರಿದಾಗುವುದನ್ನು ವಿವರಿಸಲು ಪಾಠಯೋಜನೆಯಲ್ಲಿ ಸಮಯ ಇಟ್ಟಿರಲಿಲ್ಲ. ಉಳಿದ ಹತ್ತು ನಿಮಿಷ ಅದಕ್ಕೇ ಹೋಯಿತು.