ಮಾತ್ರೆ ಮುಂದೂಡಿದರೆ ಉಳಿಯುವುದೇನು?

‘ಈಗಲೇ ಶುರು ಮಾಡಿದರೆ ಐದು ವರ್ಷಕ್ಕೆ ಮಾತ್ರೆಯ ಶಕ್ತಿ ಮುಗಿಯುತ್ತದಂತೆ, ಆದಷ್ಟು ತಡೆಯೋಣ.’ ಪಾರ್ಕಿನ್ಸನ್ ಕಾಯಿಲೆ ಹೊಕ್ಕ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಹಾಗೆ ತಡೆದುಕೊಂಡು, ಅಂಗಿಯ ಗುಂಡಿ ಹಾಕಲಾರದೆ ಕಳೆದ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು.

ಭಯ ಹುಟ್ಟಿದ್ದಕ್ಕೆ ಕಾರಣವಿದೆ. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಸಿಯಾಸ್ ಹೆಚ್ಚಿನ ಪ್ರಮಾಣದ ಡೋಪಾ ನುಂಗಿಸಿದಾಗ ಮರಗಟ್ಟಿದಂತಿದ್ದ ರೋಗಿಗಳು ಚೇತರಿಸಿಕೊಂಡರು. ಆದರೆ ಚಿಕಿತ್ಸೆ ಮುಂದುವರಿದಂತೆ ಹಲವರಿಗೆ ಮುಂದಿನ ಡೋಸ್‌ಗೆ ಮೊದಲೇ ಮೈ ಬಿಗಿಯತೊಡಗಿತು. ಔಷಧ ರಕ್ತದಲ್ಲಿ ಏರಿದ ಹೊತ್ತಿನಲ್ಲಿ ಕೈಕಾಲು ತಾವಾಗಿಯೇ ಹೊಯ್ದಾಡತೊಡಗಿದವು. ಈ ಹೊಯ್ದಾಟವೇ ಡಿಸ್ಕೈನೀಸಿಯಾ.

ತಪ್ಪು ಮಾತ್ರೆಯದೇ? ಮಾತ್ರೆಯಲ್ಲಿರುವ ಲೆವೊಡೋಪ, ಅಂದರೆ ಡೋಪಾದ ಒಂದು ರೂಪ, ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ಆದರೂ ಆರಂಭದಲ್ಲಿ ದಿನಕ್ಕೆ ಮೂರು ಸಲ ಸಾಕಾಗುತ್ತದೆ. ಮಿದುಳಿನಲ್ಲಿ ಉಳಿದಿರುವ ನರತುದಿಗಳು ಅದನ್ನು ಡೋಪಮೈನ್ ಎಂಬ ಸಂದೇಶವಾಹಕವಾಗಿಸಿ ಕೂಡಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತವೆ. ಕಾಯಿಲೆ ಬೆಳೆದಂತೆ ಆ ತುದಿಗಳು ಸಾಯುತ್ತವೆ. ಹೂಳು ತುಂಬಿದ ಕೆರೆಯಲ್ಲಿ ಮಳೆ ಬಂದರೆ ಕೋಡಿ, ನಿಂತರೆ ಬರ; ಡೋಪಮೈನ್ ಹಿಡಿಯುವ ರಿಸೆಪ್ಟರ್‌ಗಳ ಪಾಡೂ ಅದೇ. ಡೋಪಮೈನ್ ಇಲ್ಲದೆ ಬಳಲಿದ ಅವು ಅತಿಸೂಕ್ಷ್ಮವಾಗುತ್ತವೆ, ಮೇಲೆ ಬೀಳುವ ಒಂದೊಂದು ಅಲೆಗೂ ಮಿತಿಮೀರಿ ಸ್ಪಂದಿಸುತ್ತವೆ. ಅವುಗಳಲ್ಲಿ ಡಿ1 ಎಂಬ ಬಗೆಯ ರಿಸೆಪ್ಟರ್‌ಗಳ ಸಂಖ್ಯೆ ಅಷ್ಟಾಗಿ ಏರದಿದ್ದರೂ ಕೋಶದೊಳಗೆ ಅವು ಕಳಿಸುವ ಸಂಕೇತ ಜೋರಾಗುತ್ತದೆ.

ಮುಂದೂಡುವವರು ಘಾನಾದ ಅಧ್ಯಯನವನ್ನು ನೋಡಲೇಬೇಕು. ಔಷಧ ಸುಲಭವಾಗಿ ಸಿಗದ ಅಲ್ಲಿನ ರೋಗಿಗಳು ಲೆವೊಡೋಪ ಶುರು ಮಾಡಿದ್ದು ಹೋಲಿಕೆಗೆ ತೆಗೆದುಕೊಂಡ ಇಟಲಿಯ ರೋಗಿಗಳಿಗಿಂತ ಸುಮಾರು ಎರಡು ವರ್ಷ ತಡವಾಗಿ. ಔಷಧದ ಪರಿಣಾಮದ ಏರಿಳಿತ, ಹೊಯ್ದಾಟಗಳು ಮಾತ್ರ ಎರಡೂ ಕಡೆ ಕಾಯಿಲೆಯ ಹೆಚ್ಚುಕಡಿಮೆ ಅದೇ ಹಂತದಲ್ಲಿ ಬಂದವು. 2014ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ ಮುಖ್ಯವಾದದ್ದು ಎಷ್ಟು ವರ್ಷ ಮಾತ್ರೆ ನುಂಗಿದಿರಿ ಎಂಬುದಲ್ಲ. ಕಾಯಿಲೆಗೆ ಎಷ್ಟು ವಯಸ್ಸಾಯಿತು, ಮೈತೂಕಕ್ಕೆ ಎಷ್ಟು ಡೋಸ್ ಬಿತ್ತು ಎಂಬುದು.

ಏರಿಳಿತ ಶುರುವಾದ ಮೇಲೂ ದಾರಿಗಳಿವೆ. ಡೋಸನ್ನು ಸಣ್ಣದಾಗಿ ಹಂಚಬಹುದು. ಹೊಯ್ದಾಟಕ್ಕೆ ಅಮಾಂಟಡೀನ್ ಇದೆ. ಆಯ್ದ ರೋಗಿಗಳಿಗೆ ಮಿದುಳಿನಾಳಕ್ಕೆ ವಿದ್ಯುದಗ್ರ ಇಳಿಸುವ ಶಸ್ತ್ರಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆಯುತ್ತದೆ. ಬೇಳೆ, ಮೊಟ್ಟೆಯಂಥ ಪ್ರೋಟೀನು ಲೆವೊಡೋಪ ಮೈಗೆ ಹತ್ತದಂತೆ ಪೈಪೋಟಿ ಮಾಡುವುದರಿಂದ ಮಾತ್ರೆಗೂ ಊಟಕ್ಕೂ ಅಂತರವಿರಲಿ. ನಸುಗುನ್ನಿ ಬೀಜದಲ್ಲೂ ಲೆವೊಡೋಪವೇ ಇದೆ. ‘ಗಿಡಮೂಲಿಕೆ ತಾನೇ’ ಎಂದು ಮಾತ್ರೆಯ ಜೊತೆಗೆ ಅದರ ಪುಡಿಯನ್ನೂ ತಿನ್ನುವವರು ವೈದ್ಯರಿಗೆ ಹೇಳಲೇಬೇಕು, ಇಲ್ಲವಾದರೆ ಡೋಸಿನ ಲೆಕ್ಕವೇ ತಪ್ಪುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಬೇಡ; ತೀವ್ರ ಜ್ವರ, ಬಿಗಿತ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು.