ಹೆಸರು ಉಳಿಯುವುದು ಹೇಗೆ?

ಸಹೋದರಿ, ಮೈಸೂರಿನ ಉದಯಗಿರಿ, ರಾಜೀವನಗರ, ಶಾಂತಿನಗರದ ಕಡೆ ಹೋದರೆ ‘ಸೇಠ್’ ಎಂಬ ಹೆಸರು ನಿಮ್ಮ ಕಿವಿಗೆ ಬೀಳದೆ ಇರದು. ಸೇಠ್ ಎಂದರೆ ವ್ಯಾಪಾರಿ, ಸಾಹುಕಾರ. ಗುಜರಾತಿನ ಕಛ್‌ನಿಂದ ವ್ಯಾಪಾರಕ್ಕೆಂದು ದಕ್ಷಿಣಕ್ಕೆ ಬಂದ ಕಚ್ಛಿ ಮೇಮನ್ ಮನೆತನಗಳಲ್ಲಿ ಈ ಗೌರವದ ಮಾತು ಹೆಸರಿನ ಬಾಲವಾಗಿ ಉಳಿದುಕೊಂಡಿತು. ಈ ಹೆಸರಿನವರೆಲ್ಲ ಒಂದೇ ಕುಟುಂಬದವರಲ್ಲ. ಆದರೂ ಈ ಹೆಸರನ್ನು ಹೊತ್ತು ಬಾಳಿ ಅಗಲಿದ ಮೂವರನ್ನು ಒಟ್ಟಿಗೆ ನೆನೆದರೆ ನಮಗೊಂದು ಪಾಠವಿದೆ.

ಮೊದಲನೆಯವರು ಹಾಜಿ ಸರ್ ಇಸ್ಮಾಯಿಲ್ ಸೇಠ್. 1859ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಹೆಸರಾಂತ ವರ್ತಕರಾದರು. ಮೈಸೂರು ಮಹಾರಾಜರು ಅವರಿಗೆ ‘ಫಕ್ರುತ್ತುಜ್ಜಾರ್’, ಅಂದರೆ ವರ್ತಕರ ಹೆಮ್ಮೆ ಎಂಬ ಬಿರುದು ಕೊಟ್ಟರು. ಫ್ರೇಜರ್ ಟೌನಿನ ಮಸೀದಿ ಅವರು ಕಟ್ಟಿಸಿದ್ದು. ಆದರೆ ಮಹಿಳೆಯರು ವಿಶೇಷವಾಗಿ ನೆನೆಯಬೇಕಾದುದು 1925ರಲ್ಲಿ ಶಿವಾಜಿನಗರದಲ್ಲಿ ಅವರು ಕಟ್ಟಿಸಿದ ಗೋಷಾ ಆಸ್ಪತ್ರೆಯನ್ನು.

ಆ ದಿನಗಳನ್ನು ಸ್ವಲ್ಪ ಊಹಿಸಿ ನೋಡಿ. ಪರದೆಯಲ್ಲಿದ್ದ ಹೆಣ್ಣಿಗೆ ಪರಪುರುಷ ವೈದ್ಯನ ಮುಂದೆ ಹೋಗಲು ಸಂಕೋಚ, ಕಳುಹಿಸಲು ಮನೆಯವರಿಗೂ ಹಿಂಜರಿಕೆ. ಹೆರಿಗೆ ಕಷ್ಟವಾದರೆ ಮನೆಯ ಕತ್ತಲ ಕೋಣೆಯಲ್ಲೇ ತಾಯಿಯೋ ಮಗುವೋ ಕಣ್ಣು ಮುಚ್ಚಬೇಕು. ಸೇಠ್ ಅವರು ‘ಪರದೆ ಬಿಟ್ಟು ಬನ್ನಿ’ ಎನ್ನಲಿಲ್ಲ. ‘ಪರದೆಗಾಗಿ ಪ್ರಾಣ ಬಿಡಿ’ ಎಂದೂ ಸುಮ್ಮನಿರಲಿಲ್ಲ. ಲಜ್ಜೆಯೂ ಉಳಿಯುವ, ಜೀವವೂ ಉಳಿಯುವ ದಾರಿ ಮಾಡಿಕೊಟ್ಟರು. 1934ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯ ತೊಟ್ಟಿಲುಗಳು ಮಾತ್ರ ತೂಗುತ್ತಲೇ ಇವೆ. ಇಂದು ಅಲ್ಲಿ ಎಲ್ಲ ಧರ್ಮದ ತಾಯಂದಿರೂ ಹೆರಿಗೆಗೆ ಬರುತ್ತಾರೆ.

ಎರಡನೆಯವರು ಇಬ್ರಾಹೀಮ್ ಸುಲೈಮಾನ್ ಸೇಠ್. 1922ರಲ್ಲಿ ಜನಿಸಿದ ಅವರೂ ಕಚ್ಛಿ ಮೇಮನ್ನರೇ. ಕೇರಳದ ಮತದಾರರು ಅವರನ್ನು ಹಲವು ಬಾರಿ ಲೋಕಸಭೆಗೆ ಕಳುಹಿಸಿದರು. ಮುಸ್ಲಿಮ್ ಲೀಗ್‌ನ ಅಖಿಲ ಭಾರತ ಅಧ್ಯಕ್ಷರಾಗಿದ್ದ ಅವರು 1992ರಲ್ಲಿ ಬಾಬರಿ ಮಸೀದಿ ಧ್ವಂಸವಾದ ಬಳಿಕ ಪಕ್ಷದ ನಿಲುವನ್ನು ಒಪ್ಪದೆ 1994ರಲ್ಲಿ ಹೊರಬಂದು ಇಂಡಿಯನ್ ನ್ಯಾಷನಲ್ ಲೀಗ್ ಸ್ಥಾಪಿಸಿದರು. ಅವರ ರಾಜಕೀಯವನ್ನು ಒಪ್ಪದವರಿರಬಹುದು. ಆದರೆ ತನಗೆ ಸರಿ ಕಂಡದ್ದಕ್ಕಾಗಿ ಇಳಿವಯಸ್ಸಿನಲ್ಲಿ ಕುರ್ಚಿ ಬಿಡುವುದು ಸುಲಭವಲ್ಲ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅವರು ಇಹಲೋಕ ತ್ಯಜಿಸಿದರು.

ಮೂರನೆಯವರು ನಮ್ಮ ಮೈಸೂರಿನ ಅಝೀಝ್ ಸೇಠ್. ನರಸಿಂಹರಾಜ ಕ್ಷೇತ್ರದ ಶಾಸಕರಾಗಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿ ಹೆಸರು ಮಾಡಿದವರು. ಈ ಕ್ಷೇತ್ರದ ಮನೆಗಳನ್ನು ನೀವು ಬಲ್ಲಿರಿ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುವ, ಅಗರಬತ್ತಿ ಹೊಸೆಯುವ ತಾಯಂದಿರೇ ಇಲ್ಲಿ ಎಷ್ಟೋ ಸಂಸಾರಗಳ ಆಧಾರ. 2001ರಲ್ಲಿ ಅವರು ನಿಧನರಾದರು. ಬಳಿಕ ಮಗ ತನ್ವೀರ್ ಸೇಠ್ ಅದೇ ಕ್ಷೇತ್ರದಿಂದ ಗೆದ್ದು ಬಂದರು, ಮಂತ್ರಿಯೂ ಆದರು. 2019ರ ನವೆಂಬರ್‌ನಲ್ಲಿ ಬನ್ನಿಮಂಟಪದ ಮದುವೆ ಸಮಾರಂಭವೊಂದರಲ್ಲಿ ಅವರ ಕುತ್ತಿಗೆಗೆ ಚೂರಿ ಬಿತ್ತು. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಮದುವೆಯ ಊಟಕ್ಕೂ ಮರಣದ ಮನೆಗೂ ನಡುವೆ ಒಂದು ಕ್ಷಣ ಮಾತ್ರ!

ಮನುಷ್ಯ ಸತ್ತ ಮೇಲೂ ಪುಣ್ಯ ತಲುಪುತ್ತಿರುವುದು ಮೂರರಿಂದ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ: ನಿರಂತರ ಹರಿಯುವ ದಾನ, ಪ್ರಯೋಜನಕಾರಿ ವಿದ್ಯೆ, ಹೆತ್ತವರಿಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಮನೆತನದ ಹೆಸರು ಈ ಪಟ್ಟಿಯಲ್ಲಿಲ್ಲ.

‘ನಾವೇನು ಸೇಠ್‌ಗಳೇ, ಆಸ್ಪತ್ರೆ ಕಟ್ಟಿಸಲು?’ ಎಂದು ನೀವು ಕೇಳಬಹುದು. ಸರಿ. ಆದರೆ ಆಸ್ಪತ್ರೆಯ ಗೋಡೆ ಹೆರಿಗೆ ಮಾಡಿಸುವುದಿಲ್ಲ. ಅಲ್ಲಿ ನಿಲ್ಲಲು ವೈದ್ಯೆ ಬೇಕು, ದಾದಿ ಬೇಕು. ಹತ್ತನೇ ತರಗತಿ ಮುಗಿಯಿತೆಂದು ನೀವು ಶಾಲೆ ಬಿಡಿಸಲು ಹೊರಟಿರುವ ಮಗಳೇ ಆ ವೈದ್ಯೆ ಆಗಬಹುದಲ್ಲವೇ? ಬೀಡಿ ಸುತ್ತಿದ ಕಾಸಿನಲ್ಲಿ ಅವಳ ಪುಸ್ತಕಕ್ಕೆಂದು ಎತ್ತಿಡುವ ಹತ್ತು ರೂಪಾಯಿಯೂ ಆ ನಿರಂತರ ದಾನದ ಒಂದು ಹನಿಯೇ.

ಅಗಲಿದ ಈ ಮೂವರನ್ನೂ ಅಲ್ಲಾಹನು ಕ್ಷಮಿಸಲಿ. ನಮ್ಮ ಹಿಂದೆಯೂ ಏನಾದರೊಂದು ಒಳಿತು ಉಳಿಯುವಂತೆ ಮಾಡಲಿ. ಆಮೀನ್.