ತಾನಾಗಿ ಆರುವ ಗಣಕಯಂತ್ರ

ಹಿಂದೆ ಹೋಟೆಲಿನ ಗಲ್ಲಾದ ಮೇಲೆ ಒಂದು ಲೆಕ್ಕದ ಪುಸ್ತಕವೂ ಬಿಲ್ಲು ಚುಚ್ಚುವ ಒಂದು ಕಂಬಿಯೂ ಇದ್ದರೆ ಸಾಕಾಗಿತ್ತು. ಈಗ ಅಲ್ಲಿಯೂ ಗುಮಾಸ್ತರ ಮೇಜಿನ ಮೇಲೂ ಗಣಕಯಂತ್ರವು ಬಂದು ಕುಳಿತಿದೆ. ಯಂತ್ರವು ಪೂರ್ತಿ ಕೆಟ್ಟರೆ ಚಿಂತೆ ಕಡಿಮೆ. ದೋಷವು ಕಣ್ಣಿಗೆ ಕಾಣುತ್ತದೆ. ಒಮ್ಮೆ ಹೊತ್ತಿ, ಒಮ್ಮೆ ಹೊತ್ತದೆ, ಕೆಲಸದ ನಡುವೆ ತಾನಾಗಿಯೇ ಆರಿಹೋಗುವ ಯಂತ್ರದ ಕಾಟವೇ ಬೇರೆ. ರಿಪೇರಿಯವನ ಮುಂದೆ ಅದು ಸಾಧುವಾಗಿರುತ್ತದೆ. ಅವನು ಮೆಟ್ಟಲಿಳಿದೊಡನೆ ಹಳೆಯ ಚಾಳಿ. ಕೊನೆಗೆ ಅಪವಾದವೆಲ್ಲ ಯಂತ್ರದ ಮುಂದೆ ಕುಳಿತವನ ತಲೆಗೆ ಬರುತ್ತದೆ.

ನಾನು ಹೋಟೆಲು ನಡೆಸುತ್ತಿದ್ದಾಗಲೂ ಹೀಗೆಯೇ ಆಯಿತು. ಊಟದ ಗದ್ದಲದ ಹೊತ್ತಿಗೇ ಯಂತ್ರವು ಆರುತ್ತಿತ್ತು. ಗಲ್ಲಾದ ಹುಡುಗನು ತಪ್ಪು ಗುಂಡಿ ಒತ್ತುತ್ತಾನೆಂದು ನಾನು ಗದರಿಸಿದೆ. ಒಳಗಿನ ಬೋರ್ಡನ್ನೇ ಬದಲಾಯಿಸಬೇಕೆಂದು ರಿಪೇರಿಯವನು ಹೇಳಿದನು. ಹುಡುಗನು ಎದುರಾಡಲಿಲ್ಲ. ಯಂತ್ರವು ಆರಿದ ದಿನ, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಇಷ್ಟನ್ನು ಹಳೆಯ ಬಿಲ್ಲುಗಳ ಬೆನ್ನಿನಲ್ಲಿ ಬರೆದಿಟ್ಟನು. ಎಂಟು ದಿನಗಳ ಬಳಿಕ ನೋಡಿದರೆ, ಬೆಳಗ್ಗೆ ಒಮ್ಮೆಯೂ ಆರಿದ್ದಿಲ್ಲ. ಒಲೆಗಳು ಉರಿದು ಸೆಕೆಯೇರಿದ ಮೇಲೆಯೇ ಎಲ್ಲವೂ! ಪೆಟ್ಟಿಗೆಯನ್ನು ತೆರೆದಾಗ ಎಣ್ಣೆಯ ಹೊಗೆಯೂ ಧೂಳೂ ಸೇರಿ ಫ್ಯಾನಿನ ಮೇಲೆ ಕಂಬಳಿಯಂತೆ ಕಟ್ಟಿಕೊಂಡಿದ್ದುವು. ಪ್ರೊಸೆಸರಿನ ಶಾಖವು ಮಿತಿಮೀರಿದರೆ, ಸುಟ್ಟುಹೋಗದಿರಲೆಂದು ಹೆಚ್ಚಿನ ಯಂತ್ರಗಳು ತಾವೇ ನಿಂತುಬಿಡುತ್ತವೆ. ಶುಚಿಗೊಳಿಸಿ, ಅಡಿಗೆಮನೆಯ ಬಾಗಿಲಿನಿಂದ ದೂರವಿಟ್ಟ ಮೇಲೆ ಕಾಟವು ತಪ್ಪಿತು.

ಆದುದರಿಂದ ಮೊದಲು ಮಾಡತಕ್ಕದ್ದು, ಲೆಕ್ಕಪತ್ರಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದು. ಎರಡನೆಯದು, ದೋಷವು ಬರುವ ಹೊತ್ತನ್ನು ಬರೆದಿಡುವುದು. ಬಳಿಕ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಬೇಕು.

ಗೋಡೆಯ ಪ್ಲಗ್ಗನ್ನೂ ವಯರನ್ನೂ ಬದಲಾಯಿಸಿ ನೋಡಿರಿ. ಮಿಕ್ಸರ್, ಫ್ರಿಜ್ ಮುಂತಾದವುಗಳೊಡನೆ ಒಂದೇ ಬೋರ್ಡಿನಲ್ಲಿ ಸಿಕ್ಕಿಸಿದ್ದರೆ, ಆ ಮೋಟಾರು ಹೊರಡುವ ಕ್ಷಣದಲ್ಲಿ ವೋಲ್ಟೇಜು ಕುಸಿಯುವುದುಂಟು. ಗಣಕಯಂತ್ರಕ್ಕೆ ಪ್ರತ್ಯೇಕ ಪ್ಲಗ್ಗು ಇರಲಿ.

ಬೆಳಗ್ಗೆ ನಾಲ್ಕಾರು ಸಲ ಗುಂಡಿ ಒತ್ತಿದ ಮೇಲೆಯೇ ಹೊತ್ತುವುದಾದರೆ ಪವರ್ ಸಪ್ಲೈಯನ್ನು ಸಂಶಯಿಸಬೇಕು. 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆಯಿದು. ವೋಲ್ಟೇಜು ಸ್ಥಿರವಾಯಿತೆಂದು ಇದು ಸಂಜ್ಞೆ ಕೊಟ್ಟ ಮೇಲೆಯೇ ಮುಖ್ಯ ಬೋರ್ಡು ಕೆಲಸಕ್ಕೆ ತೊಡಗುತ್ತದೆ. ಮುದಿಯಾದ ಪೆಟ್ಟಿಗೆ ಅಲ್ಲಿಯೇ ಎಡವುತ್ತದೆ. ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ಪರೀಕ್ಷೆ. ಪ್ಲಗ್ಗು ಕಿತ್ತ ಮೇಲೂ ಇದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುವುದರಿಂದ ಇದನ್ನು ಎಂದಿಗೂ ಬಿಚ್ಚಕೂಡದು.

ಫ್ಯಾನು ತಿರುಗಿದರೂ ಪರದೆ ಕಪ್ಪಾಗಿಯೇ ಇದ್ದರೆ, ಪ್ಲಗ್ಗು ಕಿತ್ತು, ಮೆಮೊರಿ ಪಟ್ಟಿಗಳನ್ನು ತೆಗೆದು ಮತ್ತೆ ಭದ್ರವಾಗಿ ಕೂರಿಸಬೇಕು. ಗಡಿಯಾರವು ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ, ನಾಣ್ಯದಂತಹ 3 ವೋಲ್ಟಿನ ಬ್ಯಾಟರಿಯನ್ನು ಬದಲಾಯಿಸಿದರಾಯಿತು.

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಇನ್ನೊಂದು ವಿಚಿತ್ರವಿದೆ. ಬೇಗನೆ ಹೊತ್ತಲೆಂಬ ಉದ್ದೇಶದಿಂದ, ‘ಶಟ್ ಡೌನ್’ ಕೊಟ್ಟಾಗ ಅದು ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುತ್ತದೆ. ‘ರೀಸ್ಟಾರ್ಟ್’ ಕೊಟ್ಟರೆ ಮಾತ್ರ ಎಲ್ಲವನ್ನೂ ಹೊಸದಾಗಿ ತೊಡಗುತ್ತದೆ. ರೀಸ್ಟಾರ್ಟಿನಲ್ಲಿ ಬಾರದ ತೊಂದರೆ ಶಟ್ ಡೌನ್ ಬಳಿಕ ಬರುತ್ತಿದ್ದರೆ ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ನಿಲ್ಲಿಸಿ ನೋಡತಕ್ಕದ್ದು. ‘ಈವೆಂಟ್ ವ್ಯೂವರ್’ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ, ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತೆಂದಷ್ಟೇ ಅರ್ಥ, ಗುಮಾಸ್ತನು ತಪ್ಪಿದನೆಂದಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಕೆಲವು ದಿನ ಕಾಯಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಹಣವೂ ಹೋಯಿತು, ಕಾರಣವೂ ತಿಳಿಯದಾಯಿತು.

ಆ ಹುಡುಗನ ಹಳೆಯ ಬಿಲ್ಲುಗಳು ನನಗೆ ಒಂದು ಬೋರ್ಡಿನ ಬೆಲೆಯನ್ನು ಉಳಿಸಿಕೊಟ್ಟವು. ನಾನು ಗದರಿಸಿದ್ದು ತಪ್ಪೆಂದು ಎಲ್ಲರೆದುರಿಗೆ ಅವನಿಗೆ ಹೇಳಿದೆ. ಯಂತ್ರವು ಆರಿದಾಗ ಯಜಮಾನರು ಮೊದಲು ಗಂಟೆಯನ್ನು ಕೇಳಲಿ. ಯಾರ ತಪ್ಪೆಂಬುದನ್ನು ಆಮೇಲೆ ವಿಚಾರಿಸಬಹುದು.